ಭಾನುವಾರ ಮಾರದ ಮೇಕೆ

ಅಮೆರಿಕದಲ್ಲಿ ಇಡೀ ಮೇಕೆ ಕೊಳ್ಳುವುದು ಕಷ್ಟವಲ್ಲ. ಯಾವ ವಾರ ಕೊಳ್ಳುವುದು ಅನ್ನುವುದೇ ಕಷ್ಟ.

ನ್ಯೂಜೆರ್ಸಿಯ ನಮ್ಮ ಕಡೆ ಇಂಡಿಯನ್ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಈ ದೇಶಕ್ಕೆ ಆಮದಾಗುವ ಮೇಕೆ ಮಾಂಸ ಬಹುಪಾಲು ಆಸ್ಟ್ರೇಲಿಯಾದ್ದು. ಹೆಪ್ಪುಗಟ್ಟಿ, ಹಡಗು ಹತ್ತಿ, ಸಮುದ್ರ ದಾಟಿ ಬಂದು ಫ್ರೀಜರಿನಲ್ಲಿ ಕಲ್ಲಾಗಿ ಕೂತಿರುತ್ತದೆ. ನಮಗಿಂತ ಹೆಚ್ಚು ದೇಶ ಸುತ್ತಿದ ಆ ಮೇಕೆಯ ಸಾರನ್ನು ಒಂದು ತುತ್ತು ಮುದ್ದೆಯ ಜೊತೆ ನುಂಗಿ, ಊರಿಂದ ಬಂದಿದ್ದ ನಮ್ಮತ್ತೆ ತೀರ್ಪು ಕೊಟ್ಟರು: "ಸಾರೇನೋ ಚೆನ್ನಾಗದೆ ಕಣವ್ವ, ಬಾಡ್ನ ಮಾತ್ರ ಹಾಕ್ದಿದ್ರೆ ಇನ್ನೂ ಚೆನ್ನಾಗಿರದು."

ಅತ್ತೆ ಮಳವಳ್ಳಿ ತಾಲ್ಲೂಕಿನವರು. ಬಂಡೂರು ಕುರಿಯ ಬಂಡೂರು ಇರುವುದೂ ಅದೇ ತಾಲ್ಲೂಕಿನಲ್ಲಿ. ಅಂಥವರ ಮುಂದೆ ಮಾಂಸದ ವಿಚಾರದಲ್ಲಿ ವಾದ ಮಾಡುವ ಧೈರ್ಯ ನಮ್ಮ ಯಜಮಾನರಿಗೂ ಇಲ್ಲ. ಅವರು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ಬಿಚ್ಚಿದರು. ಪರಿಚಯದ ಕನ್ನಡದ ಮನೆಗಳೆಲ್ಲ ಸೇರಿ, ಪಕ್ಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಆಮಿಷ್ ಅನ್ನುವ ಕ್ರೈಸ್ತ ಪಂಗಡದ ರೈತರೊಬ್ಬರ ಹತ್ತಿರ ಜೀವಂತ ಮೇಕೆಗಳನ್ನೇ ಕೊಳ್ಳುವುದು ಅಂತಾಯಿತು. ಆಮಿಷ್ ಜನ ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಗಾಡಿಯಲ್ಲೇ ಓಡಾಟ. ಆ ರೈತರ ಫೋನು ಮನೆಯೊಳಗಲ್ಲ, ಅಂಗಳದ ಆಚೆ ಒಂದು ಗೂಡಿನಲ್ಲಿದೆ. ನಾವು ಸಂದೇಶ ಬಿಡಬೇಕು, ಅವರು ಪುರುಸೊತ್ತಾದಾಗ ಕರೆ ಮಾಡಬೇಕು. ಹೀಗೆ ಅವರು ಕರೆ ಮಾಡಿದಾಗ ನಾವು ಮೀಟಿಂಗಿನಲ್ಲಿ, ನಾವು ಮಾಡಿದಾಗ ಅವರು ಹೊಲದಲ್ಲಿ.

ಕೊನೆಗೆ ಸಿಕ್ಕರು. ಯಾವ ದಿನ ಬರುತ್ತೀರಿ ಅಂದರು. ಕನ್ನಡಿಗನಿಗೆ ಬಾಡಿನ ದಿನ ಅಂದರೆ ಇನ್ಯಾವುದು? ಭಾನುವಾರ ಅಂದೆವು. ಭಾನುವಾರ ದೇವರ ದಿನ, ವ್ಯಾಪಾರ ಇಲ್ಲ ಅಂದರು ಅವರು.

ಸರಿ, ಬೇರೆ ದಿನ ನೋಡೋಣ ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದೇ ತಡ, ಮೂವತ್ಮೂರು ಕೋಟಿ ದೇವತೆಗಳೂ ಎದ್ದು ಕೂತರು. ಸೋಮವಾರ ಶಿವನಿಗೆ. ಮಂಗಳವಾರ ಒಬ್ಬರ ಮನೆಯಲ್ಲಿ ಸುಬ್ರಹ್ಮಣ್ಯನಿಗೆ. ಗುರುವಾರ ಸಾಯಿಬಾಬಾಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಹನುಮಪ್ಪನಿಗೆ. ಬುಧವಾರ ಯಾವ ದೇವರ ತಕರಾರೂ ಇರಲಿಲ್ಲ. ಆದರೆ ಅವತ್ತು ಎಲ್ಲರ ಮ್ಯಾನೇಜರುಗಳ ತಕರಾರಿತ್ತು. ಭಾನುವಾರ ಬಿಟ್ಟರೆ ರಜೆ ಇರುವುದು ಶನಿವಾರ ಮಾತ್ರ. "ಶನಿವಾರ ಬಾಡ್ನ ಮನೆ ಒಳಿಕ್ಕೆ ತತ್ತಾರಾ ಯಾರಾದ್ರೂವೆ?" ಅಂತ ಅತ್ತೆ ಕಣ್ಣು ಕೆಂಪಗೆ ಮಾಡಿದರು. ಆಮೇಲೆ ತಾವೇ ಯೋಚಿಸಿ ದಾರಿಯನ್ನೂ ತೋರಿಸಿದರು. ಗ್ಯಾರೇಜಿಗೆ ಹೊಸ್ತಿಲಿಲ್ಲ, ಹೊಸ್ತಿಲಿಲ್ಲದ್ದು ಮನೆಯಲ್ಲ, ಫ್ರೀಜರ್ ಗ್ಯಾರೇಜಿನಲ್ಲಿಡಿ. ಈ ದೇಶದ ಸುಪ್ರೀಂ ಕೋರ್ಟಿನಲ್ಲೂ ಇಷ್ಟು ಚೊಕ್ಕವಾದ ತೀರ್ಪು ಬಂದಿರಲಾರದು.

ಮೇಕೆ ಆರಿಸಲು ಅತ್ತೆಯೂ ಹೊರಟರು. ಕೊಟ್ಟಿಗೆಯಲ್ಲಿದ್ದವು ಬೋಯರ್ ತಳಿಯವು. ಮೂಲ ದಕ್ಷಿಣ ಆಫ್ರಿಕಾ, ಅಮೆರಿಕಕ್ಕೆ ಬಂದದ್ದು 1993ರಲ್ಲಿ. ಅಂದರೆ ನಮ್ಮ ಸಾಫ್ಟ್‌ವೇರ್ ಹುಡುಗರಿಗಿಂತ ಕೊಂಚ ಮೊದಲು. ಬಿಳಿ ಮೈ, ಕೆಂಗಂದು ತಲೆ, ಜೋಲು ಕಿವಿ, ಅಗಲ ಎದೆ. "ಇದು ಮೇಕೆಯಾ, ಕರುವಾ?" ಅಂದ ಅತ್ತೆ, ಸ್ವೆಟರಿನ ತೋಳು ಮಡಚಿ, ಸೆರಗು ಸಿಕ್ಕಿಸಿ ಒಳಗೆ ನುಗ್ಗಿಯೇಬಿಟ್ಟರು. ಒಂದರ ಸೊಂಟದ ಮೇಲೆ ಕೈಯಿಟ್ಟು ಬೆನ್ನುಮೂಳೆಯ ಎರಡೂ ಬದಿ ಬೆರಳಿನಿಂದ ಒತ್ತಿದರು. ಮೂಳೆ ಚುಚ್ಚಿದರೆ ಬಡಕಲು, ಸಿಗದೇ ಹೋದರೆ ಬರೀ ಕೊಬ್ಬು, ನಡುವೆ ಇದ್ದರೆ ಹದ. ರೈತ ಬೆರಗಾಗಿ ನೋಡಿದರು. ಅವರೂ ಹಾಗೇ ನೋಡುವುದಂತೆ. ಅತ್ತೆಗೆ ಇಂಗ್ಲಿಷ್ ಬಾರದು, ರೈತರ ಮನೆಮಾತು ಒಂದು ಬಗೆಯ ಜರ್ಮನ್. ಆದರೂ ಇಬ್ಬರೂ ಒಂದೊಂದೇ ಬೆನ್ನು ಮುಟ್ಟುತ್ತ, ತಲೆಯಾಡಿಸುತ್ತ ಇಡೀ ಕೊಟ್ಟಿಗೆ ಮುಗಿಸಿದರು. ಎಕ್ಸೆಲ್ ಹಿಡಿದ ನಮ್ಮ ಯಜಮಾನರು ಬೇಲಿಯಾಚೆ ನಿಂತಿದ್ದರು. ರೈತನ ಹೆಂಡತಿಯ ತಲೆಯ ಮೇಲಿನ ಬಿಳಿ ಬಟ್ಟೆ ನೋಡಿ ಅತ್ತೆಗೆ ಇನ್ನೂ ಸಮಾಧಾನವಾಯಿತು. "ಮರ್ವಾದಸ್ತರು ಕಣವ್ವ" ಅಂದರು, ನನ್ನ ಜೀನ್ಸನ್ನು ಒಮ್ಮೆ ನೋಡಿ.

ಲೆಕ್ಕ ಹೀಗೆ: 80 ಪೌಂಡಿನ ಮೇಕೆ ಕೊಯ್ದು ಸುಲಿದರೆ ನೇತುಹಾಕಿದ ತೂಕ ಅದರ ಅರ್ಧದಷ್ಟು. ಎಂಬತ್ತಕ್ಕೂ ಎಂಬತ್ತು ಸಾರಾಗುತ್ತದೆ ಅಂದುಕೊಂಡು ದೊಡ್ಡ ಫ್ರೀಜರ್ ಕೊಂಡವರೂ ನಮ್ಮಲ್ಲಿದ್ದಾರೆ. ಒಂದು ಘನ ಅಡಿ ಜಾಗಕ್ಕೆ ಸುಮಾರು 35 ಪೌಂಡ್ ಮಾಂಸ ಹಿಡಿಯುತ್ತದೆ, ಆ ಲೆಕ್ಕದಲ್ಲಿ ಕೊಂಡರೆ ಸಾಕು.

ಇಲ್ಲಿನ ಕಾಯ್ದೆಯಲ್ಲೊಂದು ವಿನಾಯಿತಿ ಇದೆ. ಕೊಯ್ಯುವ ಮೊದಲೇ ಪ್ರಾಣಿ ನಿಮ್ಮದಾಗಿದ್ದರೆ, ಸರ್ಕಾರಿ ಇನ್‌ಸ್ಪೆಕ್ಟರ್ ಎದುರಿಗೆ ನಿಲ್ಲದೆಯೂ ಕಟುಕರು ಅದನ್ನು ನಿಮಗಾಗಿ ಕೊಯ್ದುಕೊಡಬಹುದು. ಆದರೆ ಆ ಮಾಂಸವನ್ನು ನೀವು, ನಿಮ್ಮ ಮನೆಯವರು, ಆಳುಕಾಳು, ಮತ್ತು ದುಡ್ಡು ಕೊಡದ ನೆಂಟರು ಮಾತ್ರ ತಿನ್ನಬೇಕು. ಪೊಟ್ಟಣದ ಮೇಲೆ 'ಮಾರಾಟಕ್ಕಲ್ಲ' ಎಂಬ ಮುದ್ರೆಯೂ ಬೀಳುತ್ತದೆ. ದುಡ್ಡು ಕೊಡದ ನೆಂಟರು! ನಾವು ಹುಟ್ಟಿದಾಗಿನಿಂದ ಪಾಲಿಸುತ್ತ ಬಂದ ಅಮೆರಿಕದ ಕಾನೂನು ಇದೊಂದೇ.

ಕಟುಕರು ಹೇಗೆ ಕತ್ತರಿಸಲಿ ಎಂದು ಒಂದು ಚೀಟಿ ಕೊಟ್ಟರು. ತೊಡೆ ಇಡಿಯಾಗಿ ಬೇಕೆ, ಭುಜ ಇಡಿಯಾಗಿ ಬೇಕೆ ಅಂತೆಲ್ಲ ಪ್ರಶ್ನೆ. ಎಲ್ಲಕ್ಕೂ ಒಂದೇ ಉತ್ತರ: ಮೂಳೆ ಸಮೇತ ಸಾರಿನ ತುಂಡು. ಸ್ವಲ್ಪ ಕೈಮ. ತಲೆ, ಕಾಲು, ಈಲಿ, ಬೋಟಿ ಎಲ್ಲ ಬೇಕು. ಶ್ವಾಸಕೋಶ ಮಾತ್ರ ಕೊಡಲಾಗದು ಅಂದರು. 1971ರಿಂದ ಅದನ್ನು ಮನುಷ್ಯರ ಆಹಾರವಾಗಿ ಇಲ್ಲಿ ಬಿಡುವುದಿಲ್ಲ. "ಉಸ್ರಾಡಕ್ಕೇ ಅಷ್ಟು ಕಾನೂನಾ?" ಅಂದರು ಅತ್ತೆ.

ಹಂಚುವುದು ಹೇಗೆ ಅನ್ನುವಲ್ಲಿ ಎಕ್ಸೆಲ್ ಪೂರ್ತಿ ಸೋತಿತು. ನಮ್ಮೂರ ಕಡೆ ಯುಗಾದಿಯ ಮರುದಿನದ ಹೊಸತೊಡಕಿಗೆ ಹತ್ತಾರು ಮನೆಯವರು ಚೀಟಿ ಕಟ್ಟಿ, ಮರಿ ತಂದು, ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆ ಬಾಡು ಅಂದರೆ ಬರೀ ತೂಕವಲ್ಲ. ಪ್ರತಿ ಗುಡ್ಡೆಯಲ್ಲೂ ಈಲಿಯ ಚೂರು, ಪಕ್ಕೆ, ತೊಡೆ, ನಲ್ಲಿ ಮೂಳೆ ಎಲ್ಲ ಇರಬೇಕು. ಯಜಮಾನರು ಗ್ರಾಂ ಲೆಕ್ಕದಲ್ಲಿ ಸಮ ಮಾಡಿದ ಪಾಲುಗಳನ್ನೆಲ್ಲ ಅತ್ತೆ ಗ್ಯಾರೇಜಿನ ಮೇಜಿನ ಮೇಲೆ ಮತ್ತೆ ಸುರಿದು, ಕೈಯಳತೆಯಲ್ಲೇ ಗುಡ್ಡೆ ಹಾಕಿದರು. ಶನಿವಾರ ಮುಟ್ಟುತ್ತೀರಲ್ಲ ಅತ್ತೆ ಅಂದೆ. "ಮುಟ್ದೆ, ತಿಂದ್ನಾ?" ಅಂದರು.

ಹೊಸತೊಡಕಿಗೇ ತರುವ ಆಸೆಯಿದ್ದವರು ಒಂದು ತಿಳಿದಿರಿ. ಈದ್ ಮತ್ತು ಈಸ್ಟರ್ ಸುತ್ತಮುತ್ತ ಇಲ್ಲಿ ಮೇಕೆಗೆ ಬೇಡಿಕೆ ಏರುತ್ತದೆ, ಬೆಲೆಯೂ ಏರುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ, ಇಲ್ಲಿ ಈದ್ ಕೂಡ ಅವತ್ತೇ ಬಂದಿತ್ತು. ಮೇಕೆ ಗಬ್ಬವಾಗಿ ಮರಿ ಹಾಕಲು ಐದು ತಿಂಗಳು, ಮರಿ ಬೆಳೆಯಲು ಇನ್ನಷ್ಟು ತಿಂಗಳು. ಹಾಗಾಗಿ ಮುಂದಿನ ಯುಗಾದಿಯ ಮಾತನ್ನು ಈ ಯುಗಾದಿಗೇ ಆಡಿಬಿಡಿ, ಮುಂಗಡವನ್ನೂ ಕೊಟ್ಟುಬಿಡಿ.