ಶರತ್ಕಾಲೀನ ವಯಸ್ಕ-ಬಯಲುವಿದ್ಯಾ ಮೀಮಾಂಸೆ

ವಯಸ್ಕರು ನಸುಕಿನಲ್ಲೆದ್ದು ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದ ಯುಗ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಸ್ಟೀಲ್ ಬಾಟಲಿ ಹಿಡಿದು, ಮುಂಗಡವಾಗಿ ಹಣ ಕಟ್ಟಿ, ಭಾನುವಾರ ಬೆಳಿಗ್ಗೆ ಬಯಲಿಗೆ ಹೋಗುವ ಯುಗವಷ್ಟೇ ಇಲ್ಲಿ ಪರಾಮರ್ಶೆಗೆ ಅರ್ಹ. ಕ್ಷೇತ್ರ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ. ಕಾಲ: ಆಶ್ವಯುಜ ಮತ್ತು ಕಾರ್ತೀಕ. ಅಧ್ಯಯನಕ್ಕೊಳಗಾದ ಜೀವಿವರ್ಗ: ವಾರದ ಐದು ದಿನ ಕೊರಳಲ್ಲಿ ಗುರುತಿನ ಚೀಟಿ, ಆರನೇ ದಿನ ನಿದ್ದೆ, ಏಳನೇ ದಿನ ಪಾಪಪ್ರಜ್ಞೆ ಧರಿಸುವ ಉದ್ಯೋಗಸ್ಥರು. ಇವರು ಅಭ್ಯಸಿಸುವ ವಿದ್ಯೆಗಳು: ಹಕ್ಕಿ ನೋಡುವುದು, ಎಲೆ ಒತ್ತುವುದು, ಮಣ್ಣು ಕಲಸುವುದು, ಬುಟ್ಟಿ ಹೆಣೆಯುವುದು, ರಾಗಿ ಕೊಯ್ಯುವುದು ಹಾಗೂ ಮರ ತಬ್ಬುವುದು.

ಮೊದಲು ಕಾಲನಿರ್ಣಯ. ಇಂಥ ತರಗತಿಗಳ ಭಿತ್ತಿಪತ್ರದಲ್ಲಿ ಹೆಚ್ಚಾಗಿ ಒಂದು ಕೆಂಪು ಮೇಪಲ್ ಎಲೆ ಇರುತ್ತದೆ. ವರ್ತೂರು ಹೋಬಳಿಯ ಮರಗಳಿಗೆ ಈ ಭಿತ್ತಿಪತ್ರ ತಲುಪಿಲ್ಲ. ಹೊಂಗೆ ಎಲೆ ಉದುರಿಸುವುದು ಶಿಶಿರದಲ್ಲಿ. ಬಾದಾಮಿ ಮರದ ಎಲೆ ಕೆಂಪಾಗುವುದು ಚಳಿ ಬಲಿತ ಮೇಲೆ. ಅಕ್ಟೋಬರಿನಲ್ಲಿ ಬೆಂಗಳೂರಿನ ಮರಗಳಿಂದ ಉದುರುವ ಮುಖ್ಯ ಪದಾರ್ಥಗಳು ಮೂರು: ಆಕಾಶಮಲ್ಲಿಗೆ, ಪಾರಿಜಾತ ಮತ್ತು ಮಳೆನೀರು. ಪಂಚಾಂಗದ ಲೆಕ್ಕದಲ್ಲಿ ಇದು ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲ. 2017ರಲ್ಲಿ ಸುರಿದ 1,696 ಮಿ.ಮೀ. ಮಳೆಯೇ ನಗರದ ವಾರ್ಷಿಕ ದಾಖಲೆಯಾಗಿತ್ತು. 2022ರಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ ಅದು ಮುರಿದುಬಿತ್ತು. ಎಲೆ ಒತ್ತುವ ತರಗತಿಗೆ ಬಂದವರು ಒದ್ದೆ ಎಲೆಯನ್ನು ಒದ್ದೆ ಪುಸ್ತಕದಲ್ಲಿಟ್ಟು, ಒದ್ದೆ ಜೋಳಿಗೆಯಲ್ಲಿ ಮನೆಗೆ ಒಯ್ಯುತ್ತಾರೆ. ವಾರದ ನಂತರ ಪುಸ್ತಕ ತೆರೆದಾಗ ಅಣಬೆ ಅಧ್ಯಯನ ತನ್ನಿಂದ ತಾನೇ ಆರಂಭವಾಗುತ್ತದೆ. ಅದಕ್ಕೆ ಬೇರೆ ಶುಲ್ಕವಿಲ್ಲ.

ಈ ಪ್ರದೇಶದ ಅತಿ ದೊಡ್ಡ ಬಯಲು ತರಗತಿ ನಡೆದದ್ದೂ ಅದೇ ವರ್ಷ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ವೈಟ್‌ಫೀಲ್ಡ್ ಸುತ್ತಿನ ಸಾವಿರಾರು ಮಂದಿ ನೋಂದಣಿಯೇ ಇಲ್ಲದೆ ಜಲವಿಜ್ಞಾನ ಕಲಿತರು. ಕೆರೆ ಎಲ್ಲಿತ್ತು, ಕೋಡಿ ಎಲ್ಲಿ ಬೀಳುತ್ತಿತ್ತು, ರಾಜಕಾಲುವೆ ಯಾರ ಮನೆಯ ಹಜಾರದ ಮೂಲಕ ಹಾದುಹೋಗುತ್ತಿತ್ತು ಎಂಬುದನ್ನು ನೀರೇ ಮನೆಮನೆಗೆ ಬಂದು ತೋರಿಸಿಕೊಟ್ಟಿತು. ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಹಳ್ಳಿಯ ವಾಹನದಲ್ಲಿ ಸವಾರಿ ಎಂದು ಇಂದಿನ ಆಯೋಜಕರು ಪ್ರತ್ಯೇಕ ದರ ನಿಗದಿ ಮಾಡುವುದು ಇದನ್ನೇ. ಬೋಧನೆ ಅಗ್ಗದ್ದೆಂದು ಹೇಳಲಾಗದು. ಅದಕ್ಕೂ ಮುಂಚಿನ ಒಂದೇ ದಿನ, ಆಗಸ್ಟ್ 30ರಂದು, ನೌಕರರು ರಸ್ತೆಯಲ್ಲಿ ಸಿಕ್ಕಿಬಿದ್ದದ್ದರಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು.

ಇನ್ನು ಪೂರ್ವಪಕ್ಷ. ವಯಸ್ಕರನ್ನು ಬಯಲಲ್ಲಿ ಕೂರಿಸಿ ಕಲಿಸುವ ಪದ್ಧತಿ ಮೊನ್ನೆ ಮೊನ್ನೆಯದೆಂದು ತಿಳಿಯುವವರಿದ್ದಾರೆ. ಡೆನ್ಮಾರ್ಕಿನಲ್ಲಿ ರೈತರಿಗಾಗಿ ಮೊದಲ ಜಾನಪದ ಪ್ರೌಢಶಾಲೆ ತೆರೆದದ್ದು 1844ರಲ್ಲಿ. ಆ ಮಾದರಿಯನ್ನು ನೋಡಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲೇ ನಂಜನಗೂಡಿನಲ್ಲಿ ವಿದ್ಯಾಪೀಠ ಕಟ್ಟಿ, ಹಳ್ಳಿಯ ತರುಣರಿಗೆ ಬೇಸಾಯ, ಕಸುಬು, ನಾಗರಿಕ ಜೀವನ ಕಲಿಸತೊಡಗಿತು. ಆದರೆ ನಂಜನಗೂಡಿಗಿಂತಲೂ ಹಳೆಯ ದಾಖಲೆ ವೈಟ್‌ಫೀಲ್ಡಿನದೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ನೀಡಿದರು. ಸಂಘದ ಡಿ. ಎಸ್. ವೈಟ್ ಅವರ ಯೋಜನೆ ಸರಳವಾಗಿತ್ತು: ಕಚೇರಿ ಕೆಲಸ, ರೈಲ್ವೆ ನೌಕರಿ ನಂಬಿದವರು ಪೇಟೆ ಬಿಟ್ಟು ಬಂದು ಬೇಸಾಯ ಕಲಿಯಬೇಕು. ನೇಗಿಲು ಹೆಚ್ಚು ದೂರ ಸಾಗಲಿಲ್ಲ. ಊರು ನಿವೃತ್ತರ ತಂಗುದಾಣವಾಗಿ ಬಹುಕಾಲ ತಣ್ಣಗಿತ್ತು. ಅಂದರೆ ಇಡೀ ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ವಯಸ್ಕರ ಬಯಲು ತರಗತಿಯಾಗಿ. ಅಲ್ಲಿ ಈಗ ನಡೆಯುತ್ತಿರುವುದು ಅದೇ ತರಗತಿಯ ಸಪ್ಲಿಮೆಂಟರಿ ಪರೀಕ್ಷೆ ಎಂಬುದು ಈ ಪ್ರಬಂಧದ ನಮ್ರ ಊಹೆ.

ಈಗ ಪ್ರಯೋಗ. ಸರ್ಜಾಪುರದಾಚೆಯ ಒಂದು ರಾಗಿ ಹೊಲ. ಕಾರ್ತೀಕದ ಮಂಜು ಇನ್ನೂ ಕರಗಿಲ್ಲ. ಬದುವಿನ ಮೇಲೆ ಮೊಬೈಲಿನಲ್ಲಿ ಹಣ ಪಾವತಿಸುವ ಫಲಕ, ಪಕ್ಕದಲ್ಲಿ ಕಾಫಿ ಕ್ಯಾನು. ಕೈಗವಸು ತೊಟ್ಟ ತರುಣನೊಬ್ಬ ಬಲಗೈಲಿ ಕುಡುಗೋಲು ಹಿಡಿದು, ಎಡಗೈಲಿ ತೆನೆಯ ಕುತ್ತಿಗೆಯನ್ನೇ ಹಿಸುಕಿ ನಿಂತಿದ್ದಾನೆ. ಹೊಲದೊಡತಿಗೆ ತಡೆಯದಾಯಿತು.

“ಬುಡ ಹಿಡ್ಕಳಿ ಸಾರ್. ತೆನೆ ಹಿಡ್ದು ಎಳುದ್ರೆ ಕಾಳೆಲ್ಲ ನೆಲಕ್ಕೋಯ್ತವೆ.”

“ಓಕೆ ಆಂಟಿ. ನೀವು ಇದಕ್ಕೆ ಎಲ್ಲಿ ಟ್ರೇನಿಂಗ್ ತಗೊಂಡ್ರಿ?”

“ನಮ್ಮತ್ತೆ ಬೈದು ಬೈದು ಕಲುಸ್ಬುಟ್ಲು ಸಾರ್.”

ಈ ಬೋಧನಕ್ರಮ ಇಂದಿನ ತರಗತಿಗಳಲ್ಲಿ ಲುಪ್ತವಾಗಿದೆ. ದುಡ್ಡು ಕೊಟ್ಟವರನ್ನು ಬೈಯುವಂತಿಲ್ಲವಾದ್ದರಿಂದ ವಿದ್ಯೆ ಸೊಂಟದವರೆಗೂ ಇಳಿಯುವುದಿಲ್ಲ. ಸೊಂಟಕ್ಕೆ ಇಳಿಯದ ರಾಗಿ ಕೊಯ್ಲು ಕೊಯ್ಲೇ ಅಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಶಿಷ್ಯವೃಂದ ನೆಟ್ಟಗೆ ನಿಂತು ಫೋಟೊ ತೆಗೆದುಕೊಳ್ಳುತ್ತದೆ. ಕೊಯ್ದ ಪೈರನ್ನು ಅರಿ ಹಾಕಿ ಒಣಗಿಸುವುದು, ಕಂತೆ ಕಟ್ಟುವುದು, ಮೆದೆ ಒಟ್ಟುವುದು, ಕಣ ಮಾಡಿ ಬಡಿಯುವುದು, ತೂರುವುದು ಇವೆಲ್ಲ ಪಠ್ಯಕ್ರಮದಲ್ಲಿ ಇಲ್ಲ. ಅವು ಸೋಮವಾರದಿಂದ ಶುರುವಾಗುತ್ತವೆ.

ಇಲ್ಲಿಂದ ಪ್ರಬಂಧದ ಮುಖ್ಯ ಪ್ರಮೇಯಕ್ಕೆ ಬರಬೇಕು. ಅದಕ್ಕೆ ಪೀಣ್ಯಕ್ಕೇ ಹೋಗಬೇಕು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಹುಟ್ಟಿತು. ಅಲ್ಲಿಂದ ಮುಂದೆ ಈ ಭಾಗದ ಎರಡು ಮೂರು ತಲೆಮಾರು ಲೇತಿನ ಸದ್ದಿನಲ್ಲೇ ಬೆಳೆಯಿತು. ಪೀಣ್ಯದ ಶೆಡ್ಡಿನಲ್ಲಿ ಟರ್ನರ್ ಒಬ್ಬ ಜಾಬನ್ನು ಚಕ್ಕಿಗೆ ಕಚ್ಚಿಸಿ, ಟೂಲ್ ಕೂರಿಸಿ, ಬಿಸಿ ಬಿಸಿ ಚಿಪ್ಸ್ ಸುರುಳಿ ಸುರುಳಿಯಾಗಿ ಬೀಳುತ್ತಿರುವಾಗಲೇ ಸದ್ದು ಕೇಳಿ ಟೂಲ್ ಮೊಂಡಾಗಿರುವುದನ್ನು ಹೇಳಬಲ್ಲ. ಅತ್ತ ಚನ್ನಪಟ್ಟಣದ ಕಸುಬಿನ ತರಗತಿಯಲ್ಲೂ ಇರುವುದು ಲೇತೇ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತದೆ; ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ; ಕೇದಗೆ ಗರಿ ಒತ್ತಿದರೆ ಹೊಳಪು ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಬಂದವರು ಒಂದು ಬುಗುರಿ ಮಾಡಿ, ಅದನ್ನು ತಿರುಗಿಸಲು ಬಾರದೆ, ಖುಷಿಯಾಗಿ ಮನೆಗೆ ಒಯ್ಯುತ್ತಾರೆ.

ಪ್ರಮೇಯ: ಲೇತಿನ ಮುಂದೆ ನಿಂತವನಿಗೆ ಸಂಜೆ ದುಡ್ಡು ಕೊಟ್ಟರೆ ಅದು ಪಾಳಿ, ಅವನಿಂದಲೇ ದುಡ್ಡು ಇಸಿದುಕೊಂಡರೆ ಅದು ಕಾರ್ಯಾಗಾರ.

ಇದರಿಂದ ಹುಟ್ಟುವ ಉಪಪ್ರಮೇಯಗಳು ಅನೇಕ. ರಾಗಿ ಹೊಲಕ್ಕೂ ಇದು ಸಲ್ಲುತ್ತದೆ, ಮಡಕೆಗೂ ಸಲ್ಲುತ್ತದೆ. ಮರಕ್ಕೂ ಸಲ್ಲುತ್ತದೆ ಎಂಬುದು 2024ರ ಏಪ್ರಿಲಿನಲ್ಲಿ ಸಾಬೀತಾಯಿತು. ಕಬ್ಬನ್ ಪಾರ್ಕಿನಲ್ಲಿ ಮೌನವಾಗಿ ನಡೆದು ಮರ ತಬ್ಬಿಕೊಳ್ಳುವ ವನಸ್ನಾನಕ್ಕೆ ತಲಾ 1,500 ರೂಪಾಯಿ ಎಂದು ಒಂದು ಸಂಸ್ಥೆ ಪ್ರಕಟಿಸಿದಾಗ ಊರೆಲ್ಲ ನಕ್ಕಿತು. ಈ ವನಸ್ನಾನ 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಬಳಕೆಗೆ ತಂದದ್ದು. ಕಬ್ಬನ್ ಪಾರ್ಕ್ 1870ರಿಂದಲೂ ಇರುವುದು. ಪಾರ್ಕಿಗೆ ಪ್ರವೇಶ ಪುಕ್ಕಟೆ. ಹಾಗಾಗಿ ಸಾವಿರದೈನೂರು ಪೂರ್ತಿ ತಬ್ಬುಗೆಯ ಲೆಕ್ಕಕ್ಕೇ ಹೋಗುತ್ತದೆ.

ಈ ಪ್ರಮೇಯ ನಿಲ್ಲದ ಜಾಗವೂ ಒಂದಿದೆ. ಆಶ್ವಯುಜ ಹುಣ್ಣಿಮೆಗೆ, ಅಂದರೆ ಭೂಮಿ ಹುಣ್ಣಿಮೆಗೆ, ಸಾಗರ ಸೀಮೆಯ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಬೆಳಗಿನ ಜಾವ ಆ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ಫಲ ಹೊತ್ತ ಭೂಮಿಗೆ ಬಡಿಸುತ್ತಾರೆ. ಶರತ್ಕಾಲ, ವಯಸ್ಕರು, ಬಯಲು, ನಿಸರ್ಗ, ಕರಕುಶಲ: ಐದೂ ಲಕ್ಷಣಗಳು ಒಂದೇ ಕಡೆ ಇವೆ, ಪ್ರಮಾಣಪತ್ರ ಒಂದಿಲ್ಲ. ಪೀಣ್ಯದ ಆಯುಧಪೂಜೆಯೂ ಇದೇ ಜಾತಿಯದು. ಎಣ್ಣೆ ಜಿಡ್ಡು ಒರೆಸಿದ ಲೇತಿಗೆ ಬಾಳೆಕಂದು, ಕುಂಕುಮ, ಬೂದುಗುಂಬಳ. ಶೆಡ್ಡಿನ ಒಳಗೆ ಅವತ್ತು ಮಾತ್ರ ಹೆಂಡತಿ, ಮಕ್ಕಳು ಬಂದು, ಅಪ್ಪ ದಿನವಿಡೀ ನಿಲ್ಲುವ ಜಾಗ ಯಾವುದು ಎಂದು ನೋಡಿ, ಪುರಿ ಖಾರ ತಿಂದು ಹೋಗುತ್ತಾರೆ.

ನ್ಯಾಯ ಪಕ್ಷಪಾತಿಯಾಗಬಾರದು. ಹಕ್ಕಿ ನೋಡುವ ವಿದ್ಯೆ ಮಾತ್ರ ಈ ಜೀವಿವರ್ಗಕ್ಕೆ ನಿಜವಾಗಿಯೂ ಹತ್ತಿದೆ. ಸೆಪ್ಟೆಂಬರಿನ ಹೊತ್ತಿಗೆ ಹಿಮಾಲಯದ ಕಡೆಯಿಂದ ಸಿಪಿಲೆಗಳು ಇಳಿದು ಬೆಂಗಳೂರಿನ ನೀರಂಚಿನಲ್ಲಿ ಬಾಲ ಕುಣಿಸತೊಡಗುತ್ತವೆ. ವೈಟ್‌ಫೀಲ್ಡಿನವರು ಹೊಸಕೋಟೆಯ ಕೆರೆಗೆ ದುರ್ಬೀನು ಹಿಡಿದು ಓಡುತ್ತಾರೆ. ಮಂತ್ರ ಕಲಿತಷ್ಟೇ ಶ್ರದ್ಧೆಯಿಂದ ಹಕ್ಕಿಗಳ ಹೆಸರು ಕಲಿಯುತ್ತಾರೆ, ಮುಂದಿನ ವರ್ಷ ಮರೆಯದೆ ಬರುತ್ತಾರೆ. ಹಕ್ಕಿ ಬರಲು ಕೆರೆಯೂ ಬೇಕು; ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮತ್ತೆ ಉಸಿರಾಡಿದ್ದರ ಹಿಂದೆ ಸುತ್ತಲಿನ ನಿವಾಸಿಗಳ ಓಡಾಟವೂ ಇತ್ತು. ಹಕ್ಕಿಗೆ ಹಣ ಕಟ್ಟಿಸಿಕೊಳ್ಳಲು ಬಾರದು. ವಿದ್ಯೆ ಉಳಿದದ್ದಕ್ಕೆ ಅದೇ ಕಾರಣ ಇದ್ದೀತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ಶರತ್ತಿನಲ್ಲಿ ಹಣ ಕಟ್ಟುವ ಮೊದಲು, ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನ ಗಾಜಿನಮನೆಯ ಬಳಿ ಸೇರುವ ಹಕ್ಕಿವೀಕ್ಷಕರ ಜತೆ ಒಮ್ಮೆ ನಡೆಯಿರಿ. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ ಹೋಗಿ, ರಾಗಿಯ ಬುಡ ಎಲ್ಲಿ, ತೆನೆ ಎಲ್ಲಿ ಎಂದು ರೈತರನ್ನೇ ಕೇಳಿ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇದ್ದೇ ಇದೆ. ಮೆಟ್ರೋದಲ್ಲೇ ಹೋಗಿ, ಕಾರು ನಿಲ್ಲಿಸಲು ಅಲ್ಲಿ ಜಾಗ ಸಿಗುವುದಿಲ್ಲ.