ಇತ್ಯರ್ಥವಾಗದ ದೆವ್ವ

ನ್ಯಾಯವಾಗಿ ನೋಡಿದರೆ ಬೀದರಿನವರು ಸಿನಿಮಾದ ದೆವ್ವಕ್ಕೆ ಹೆದರಬಾರದು. ಊರಂಚಿನ ಝರಣಿ ನರಸಿಂಹನ ದರ್ಶನಕ್ಕೆ ಸುಮಾರು 300 ಮೀಟರ್ ಸುರಂಗದಲ್ಲಿ ಎದೆಮಟ್ಟದ ನೀರು ಹಾಯ್ದು ಹೋಗಬೇಕು. ನೆತ್ತಿಯ ಮೇಲೆ ಬಾವಲಿಗಳು. ಯಾವ ನಿರ್ದೇಶಕನೂ ಕೈಮುಗಿದು ಬೇಡುವಂಥ ಸೆಟ್ಟು. ನಮ್ಮ ಜನ ಅಲ್ಲಿಗೆ ಮಕ್ಕಳನ್ನು ಹೆಗಲೇರಿಸಿಕೊಂಡು ಹೋಗಿಬರುತ್ತಾರೆ. ಇನ್ನು ನಿಜವಾದ ದೆವ್ವವೇ ಹಿಡಿಯಿತೆನ್ನಿ: ಭಾಲ್ಕಿಯ ಹಿರಿಯಜ್ಜಿಯರು ಲಿಂಬೆಹಣ್ಣು ನಿವಾಳಿಸಿ ಒಗೆಯುತ್ತಾರೆ, ದರ್ಗಾದ ತಾಯಿತವಿದೆ, ಅದಕ್ಕೂ ಬಗ್ಗದಿದ್ದರೆ ಪಕ್ಕದ ಜಿಲ್ಲೆಯ ಗಾಣಗಾಪುರವಿದೆ. ಹೆಸರೇನು, ಯಾವ ಊರು, ಏನು ಬೇಕು ಎಂದು ಕೇಳಿದರೆ ನಮ್ಮ ದೆವ್ವ ಬಾಯಿಬಿಡುತ್ತದೆ. ಸೀರೆಯೋ ಹೋಳಿಗೆಯೋ ಪಡೆದು ಹೊರಡುತ್ತದೆ. ಅದು ಮೂಲತಃ ಅರ್ಜಿದಾರ.

ಜಪಾನಿನ ದೆವ್ವ ಅರ್ಜಿಯನ್ನೇ ಕೊಡುವುದಿಲ್ಲ. ಅದರ ಸೆಳೆತವಿರುವುದೇ ಇಲ್ಲಿ. ಕೋಜಿ ಸುಜುಕಿಯ 1991ರ ಕಾದಂಬರಿಯಿಂದ ಹಿದೆಯೊ ನಕಾತ 1998ರಲ್ಲಿ ತೆಗೆದ ‘ರಿಂಗ್’ ನೋಡಿ. ಶಾಪದ ಕ್ಯಾಸೆಟ್ ನೋಡಿದವರಿಗೆ ಏಳೇ ದಿನ ಆಯುಷ್ಯ. ನಾಯಕಿ ಬಾವಿಗಿಳಿದು ಆ ಕ್ಯಾಸೆಟ್ಟಿನ ದೆವ್ವ ಸದಾಕೊಳ ಅಸ್ಥಿ ಹುಡುಕಿ ತೆಗೆಯುತ್ತಾಳೆ. ನಮ್ಮ ಲೆಕ್ಕದಲ್ಲಿ ಕತೆ ಅಲ್ಲಿಗೆ ಮುಗಿಯಿತು. ಉಳಿದದ್ದು ಊಟ ಹಾಕಿಸುವುದಷ್ಟೆ. ಸದಾಕೊ ಮಾತ್ರ ಮರುದಿನ ಟಿವಿಯೊಳಗಿಂದ ತೆವಳಿ ಬರುತ್ತಾಳೆ. ಹೆದರಿಸುವುದು ಆ ಉದ್ದ ಕೂದಲು, ಬಿಳಿ ಬಟ್ಟೆಯಲ್ಲವೇ ಎನ್ನಬಹುದು. ಅಲ್ಲ, ಅದೇ ವೇಷದ ಮೋಹಿನಿ ಕಪ್ಪುಬಿಳುಪಿನ ಕಾಲದಿಂದ ಗೆಜ್ಜೆ ಕಟ್ಟಿ ಹಾಡುತ್ತಿದ್ದಾಳೆ, ಯಾರೂ ಪಿಕ್ಚರು ಬಿಟ್ಟು ಓಡಿಲ್ಲ. ಕ್ಯಾಸೆಟ್ಟನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಬಚಾವಾಗಬಹುದಲ್ಲ, ಅದು ಪರಿಹಾರವಲ್ಲವೇ ಎಂಬುದು ಇನ್ನೂ ಗಟ್ಟಿಯಾದ ತಕರಾರು. ಆದರೆ ಅದು ಪರಿಹಾರವಲ್ಲ, ವರ್ಗಾವಣೆ. ಬೆಂಗಳೂರಿನ ನೌಕರನಿಗೆ ‘ಬೀದರ್ ಜಿಲ್ಲೆಯ ಔರಾದಕ್ಕೆ ಹಾಕಿಸ್ತೀನಿ’ ಎಂದರೆ ಆತ ಮಾಡುವುದೂ ಇಷ್ಟೇ: ಆರ್ಡರಿನಲ್ಲಿ ಇನ್ನೊಬ್ಬನ ಹೆಸರು ಬರುವಂತೆ ನೋಡಿಕೊಳ್ಳುವುದು. ಔರಾದವೇನೂ ರದ್ದಾಗುವುದಿಲ್ಲ.

ಅಮೆರಿಕದವರಿಗೆ ಈ ಇತ್ಯರ್ಥವಾಗದ ಸ್ಥಿತಿಯನ್ನು ತಡೆದುಕೊಳ್ಳಲಾಗುವುದಿಲ್ಲ. ಕಿಯೊಶಿ ಕುರೊಸಾವನ 2001ರ ‘ಕೈರೊ’ದಲ್ಲಿ ದೆವ್ವಗಳು ಇಂಟರ್ನೆಟ್ಟಿನಿಂದ ಬಂದು ಟೋಕಿಯೊವನ್ನೇ ಖಾಲಿ ಮಾಡುತ್ತವೆ, ಹೇಗೆಂದು ಯಾರೂ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಅದರ 2006ರ ಅಮೆರಿಕನ್ ರಿಮೇಕ್ ‘ಪಲ್ಸ್’ನಲ್ಲಿ ಸಿಗ್ನಲ್ ಇಲ್ಲದ ಕಡೆಗೆ ಹೋದರೆ ಕ್ಷೇಮ. ಆ ಲೆಕ್ಕದಲ್ಲಿ ನೆಟ್‌ವರ್ಕ್ ಕೈಕೊಡುವ ಔರಾದದ ಗಡಿ ತಾಂಡಾಗಳಿಗಿಂತ ಸುರಕ್ಷಿತ ಜಾಗ ಭೂಮಿಯ ಮೇಲಿಲ್ಲ. ಹಾಗಾದರೆ ಗೋರ್ ವರ್ಬಿನ್ಸ್ಕಿಯ 2002ರ ರಿಮೇಕ್ ‘ದಿ ರಿಂಗ್’ ಸುಮಾರು 25 ಕೋಟಿ ಡಾಲರ್ ಗಳಿಸಿದ್ದು ಹೇಗೆ? ಮನೋವೈದ್ಯರ ವಿಡಿಯೊ, ಕುದುರೆ ಫಾರಂ ಎಂದು ಏನೇನೋ ಸೇರಿಸಿದರೂ ಆತ ಆ ಮುಗಿಯದ ಕೊನೆಗೆ ಕೈಹಚ್ಚಲಿಲ್ಲ. ತಕಾಶಿ ಶಿಮಿಜು 2004ರಲ್ಲಿ ತನ್ನದೇ ‘ಜು-ಆನ್’ ಅನ್ನು ಹಾಲಿವುಡ್ಡಿಗಾಗಿ ‘ದಿ ಗ್ರಜ್’ ಮಾಡುವಾಗ ಇನ್ನೂ ಹುಷಾರಾದ: ನಟಿಯನ್ನು ಅಮೆರಿಕದಿಂದ ಕರೆಸಿ, ಮನೆಯನ್ನು ಟೋಕಿಯೊದಲ್ಲೇ ಇಟ್ಟ.

ನಮ್ಮ ರಿಮೇಕಿನ ಹಾದಿ ಬೇರೆ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ 2004ರಲ್ಲಿ ‘ಆಪ್ತಮಿತ್ರ’ವಾಯಿತು. ಅಲ್ಲಿ ಮನೋವೈದ್ಯರೂ ಇದ್ದಾರೆ, ಮಾಂತ್ರಿಕರೂ ಇದ್ದಾರೆ. ಎರಡೂ ಇಲಾಖೆಯ ಸಹಿ ಬಿದ್ದ ಮೇಲೆ ನಾಯಕಿಯ ಮೈಮೇಲೆ ಬಂದ ನಾಗವಲ್ಲಿ ಹೊರಡುತ್ತಾಳೆ. ಮಲಯಾಳಂನಲ್ಲಿ ತಮಿಳು ಮಾತಾಡಿದವಳು ಕನ್ನಡಕ್ಕೆ ಬಂದು ತೆಲುಗಾದಳು, ಅಂದರೆ ಭಯ ಯಾವಾಗಲೂ ನೆರೆಯವರ ಭಾಷೆಯಲ್ಲೇ ಬರಬೇಕು. ಬೆಂಗಳೂರಿಗೆ ಇದು ಸರಿ. ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿಗೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ಖರ್ಚು ಮಾಡುವ ಬೀದರಿನವರನ್ನು ತೆಲುಗಿನಲ್ಲಿ ಹೆದರಿಸುವುದೆಂತು?

ಸದಾಕೊಳನ್ನೇ ಇಲ್ಲಿಗೆ ಕರೆತರಬಹುದಲ್ಲ, ಬಾವಿಗೇನು ಬರ ಎಂದು ಯಾರಾದರೂ ನಿರ್ಮಾಪಕರು ಕೇಳಬಹುದು. ನಿಜ, ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಆ ಕಾಲುವೆಗೆ ಸಾಲಾಗಿ ಬಾವಿಬಾಯಿಗಳು, ಯಾವುದರಿಂದ ಬೇಕಾದರೂ ಆಕೆ ಏರಿ ಬರಲಿ. ತೊಂದರೆ ಬೇರೆಯೇ ಇದೆ. ಏಪ್ರಿಲ್ ತಿಂಗಳಲ್ಲಿ ತೊಟತೊಟ ತೊಯ್ದ ಹುಡುಗಿಯೊಬ್ಬಳು ಬೀದರ್ ಜಿಲ್ಲೆಯ ಬಾವಿಯಿಂದ ಮೇಲೆ ಬಂದರೆ ಕೊಡ ಹಿಡಿದು ನಿಂತವರು ಕೇಳುವ ಮೊದಲ ಮಾತು, ‘ಕೆಳಗ ನೀರು ಎಷ್ಟ್ ಅದವ ತಂಗಿ?’