ಸೈಲೆನ್ಸರಿಗೆ ಚಳಿ

(ಸೇಡಂ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯ ಗೇಟಿನ ಹೊರಗೆ, ಮೇ ತಿಂಗಳ ಮಧ್ಯಾಹ್ನ. ಸಾಲಾಗಿ ನಿಂತ ಲಾರಿಗಳೆಲ್ಲ ಗುರುಗುಟ್ಟುತ್ತಿವೆ, ಒಂದೂ ಮುಂದೆ ಹೋಗುತ್ತಿಲ್ಲ. ಮಾಲೀಕ ಶರಣಪ್ಪ ಬೈಕ್ ಇಳಿದು, ತಲೆಗೆ ಸುತ್ತಿದ ಟವೆಲ್ ಬಿಚ್ಚುತ್ತ ತನ್ನ ಲಾರಿಯ ಬಾಗಿಲು ಬಡಿಯುತ್ತಾನೆ.)

ಶರಣಪ್ಪ: ಲೇ ಭೀಮಾ! ಇಳಿ ಕೆಳಗ!

ಭೀಮಣ್ಣ: (ಗಾಜು ನಾಲ್ಕು ಬೆರಳು ಇಳಿಸಿ) ಲಗೂನ ಹೇಳ್ರಿ ಸಾವ್ಕಾರ್ರ, ಥಂಡ ಹೊರಗ ಹೋಗ್ತದ.

ಶರಣಪ್ಪ: ಹೋಗೋದು ಥಂಡ ಅಲ್ಲೋ, ನನ್ನ ರೊಕ್ಕ! ‘ಗಾಡಿ ನಿಂತದ, ಇಂಜಿನ್ ಚಾಲೂ ಅದ’ ಅಂತ ಮುಂಜಾನಿಂದ ಜಿಪಿಎಸ್ ಮೆಸೇಜ್ ಕಳಸಾಕತ್ತದ. ಉಣ್ಣಾಕ ಕುಂತ್ರ ಟಿಣ್, ಮಲಗಿದ್ರ ಟಿಣ್. ಯಾರದು ಇಷ್ಟೊಂದು ಮೆಸೇಜು ಅಂತ ನಮ್ಮ ಮನ್ಯಾಕಿ ಸಂಶಯ ಪಡಾಕತ್ಯಾಳ.

ಭೀಮಣ್ಣ: ಅಕ್ಕೋರಿಗೆ ನನ್ನ ಹೆಸರು ಹೇಳ್ರಿ, ಸಂಶಯ ಹೋಗ್ತದ.

ಶರಣಪ್ಪ: ಎಂಟು ತಾಸು! ತಾಸಿಗೆ ಎರಡೂವರಿ ಲೀಟರ್ ಹಿಡಿ, 20 ಲೀಟರ್. ಲೀಟರಿಗೆ 90 ಅಂದ್ರೂ 1,800 ರೂಪಾಯಿ. ಗಾಡಿ ಒಂದು ಮಾರು ಮುಂದ ಹೋಗಿಲ್ಲ. ಮೈಲೇಜ್ ಎಷ್ಟಂತ ಬರೀಲಿ?

ಭೀಮಣ್ಣ: ಸೊನ್ನಿ ಬರೀರಿ. ಪ್ರಾಮಾಣಿಕ ಲೆಕ್ಕ.

ಶರಣಪ್ಪ: ಹಳೇ ಗಾಡಿಯಾಗ ಎಸಿ ಇತ್ತೇನು? ಆಗ ಸತ್ತಿದ್ದೇನು?

ಭೀಮಣ್ಣ: ಸತ್ತಿದ್ದಿಲ್ಲ, ಬೆಂದಿದ್ದೆ. ಏಪ್ರಿಲ್, ಮೇ ಬಂತಂದ್ರ ನಮ್ಮ ಕಡೆ ಸರ್ಕಾರಿ ಆಫೀಸು ಮುಂಜಾನಿ 8ಕ್ಕ ತೆರದು ಮಧ್ಯಾಹ್ನ ಒಂದೂವರಿಗಿ ಬಂದ್. ಫೈಲಿಗೂ ಬಿಸಲು ಬಡೀಬಾರದು ಅಂತ ಕಳಕಳಿ. ನನ್ನ ಲೋಡಿಂಗ್ ಟೋಕನ್ನಿಗೆ ಒಂದೂವರಿ ಅನ್ನೋದೇ ಬರಂಗಿಲ್ಲ.

ಶರಣಪ್ಪ: ಹೊಸ ಗಾಡಿ ತಗೊಂಡಿದ್ದೇ ತಪ್ಪಾತು. ಹೊಸದಾಗಿ ತಯಾರಾಗೋ ನಡುವಿನ ಲಾರಿ, ದೊಡ್ಡ ಲಾರಿ ಎಲ್ಲಕ್ಕೂ ಕ್ಯಾಬಿನ್ ಎಸಿ ಕಡ್ಡಾಯ ಅಂದ್ರು. ಹೂಂ ಅಂದೆ.

ಭೀಮಣ್ಣ: ಆ ಎಸಿ ಇಂಜಿನ್ ಪಟ್ಟಾದ ಮ್ಯಾಲ ತಿರಗ್ತದ. ಇಂಜಿನ್ ಬಂದ್ ಮಾಡಿದ್ರ ಅದು ಬರೇ ಗೂಡು.

(ಡ್ರೈವರಿಗೆ ತಂಪು ಕೊಟ್ಟ ಕಾನೂನು ಒಳ್ಳೆಯದೇ. ನಿಂತ ಹೊತ್ತಿನ ಡೀಸೆಲ್ ಯಾರ ತಲೆಗೆ ಎಂಬುದನ್ನು ಮಾತ್ರ ಅದು ಈ ಇಬ್ಬರ ಜಗಳಕ್ಕೆ ಬಿಟ್ಟುಕೊಟ್ಟಿದೆ.)

ಶರಣಪ್ಪ: ಕಾನೂನು ನನಗೂ ಗೊತ್ತದ. ಮೋಟಾರು ವಾಹನ ಕಾಯ್ದೆ, 126ನೇ ಕಲಮು. ರಸ್ತೆದಾಗ ನಿಂತ ಗಾಡಿ ಇಂಜಿನ್ ಬಂದ್ ಇದ್ದು ಬ್ರೇಕ್ ಹಾಕಿರಬೇಕು, ಇಲ್ಲಂದ್ರ ಲೈಸೆನ್ಸ್ ಇದ್ದವ ಡ್ರೈವರ್ ಸೀಟಿನಾಗ ಕುಂತಿರಬೇಕು. ನೀ ಎಲ್ಲಿದ್ದಿ?

ಭೀಮಣ್ಣ: ಸೀಟಿನ ಹಿಂದ.

ಶರಣಪ್ಪ: ಹಿಂದ ಅಂದ್ರ?

ಭೀಮಣ್ಣ: ಹಾಸಿಗಿ ಮ್ಯಾಲ.

(ಶರಣಪ್ಪ ಫೋನ್ ಮಾಡಿ ಕರೆಸಿದ್ದ ಖಾಜಾ ಮಿಸ್ತ್ರಿ ಪಾನಾ ಚೀಲದೊಂದಿಗೆ ಬರುತ್ತಾನೆ. ಕ್ಯಾಬಿನ್ನಿಗೆ ಕತ್ತು ಹಾಕಿ ನೋಡುತ್ತಾನೆ.)

ಖಾಜಾ: ಅರೇ ಭೀಮಣ್ಣ, ಈ ಹಳದಿ ಲೈಟು ಯಾವಾಗಿನಿಂದ ಹತ್ತೇದ?

ಭೀಮಣ್ಣ: ನಿನ್ನಿಯಿಂದ. ಅಲಂಕಾರಕ್ಕ ಇಟ್ಟಾರ ಅಂದ್ಕೊಂಡಿದ್ದೆ.

ಖಾಜಾ: ಇದು ಬಿಎಸ್-6 ಗಾಡಿ. 2020ರಿಂದ ಬಂದ ಇಂಥ ಗಾಡಿಗಳ ಸೈಲೆನ್ಸರ್‌ದಾಗ ಮಸಿ ಹಿಡಿಯೋ ಫಿಲ್ಟರ್ ಇರ್ತದ. ಗಾಡಿ ಲೋಡ್ ಹೊತ್ತು ಓಡಿದ್ರ ಹೊಗಿ ಚಲೋ ಕಾಯ್ತದ, ಮಸಿ ಅಲ್ಲೇ ಸುಟ್ಟು ಹೋಗ್ತದ. ಹಿಂಗ ನಿಂತಲ್ಲೇ ಗುರ್ ಅಂದ್ರ ಹೊಗಿ ಕಾಯಂಗಿಲ್ಲ. ಮಸಿ ಕುಂತು ಕುಂತು ಫಿಲ್ಟರ್ ಚೋಕ್ ಆಗ್ತದ.

ಶರಣಪ್ಪ: ಹೊರಗ 43 ಡಿಗ್ರಿ ಅದ, ಇದಕ್ಕ ಬಿಸಿ ಸಾಲದೇನು?

ಖಾಜಾ: ಸಾಲಂಗಿಲ್ಲ ಶರಣಪ್ಪಣ್ಣ. ಊರೆಲ್ಲ ಬೇಯಾಕತ್ತದ, ನಿಮ್ಮ ಸೈಲೆನ್ಸರಿಗೆ ಮಾತ್ರ ಚಳಿ.

ಭೀಮಣ್ಣ: ಚಳಿ ಅಂದ್ರ ಲಡಾಖಿನ ದ್ರಾಸ್. ನಾ ಅಲ್ಲಿಗೆ ಲೋಡ್ ಒಯ್ದಾಗ ರಾತ್ರಿಯಿಡೀ ಇಂಜಿನ್ ಬಂದ್ ಮಾಡಿದ್ದಿಲ್ಲ. ಬಂದ್ ಮಾಡಿದ್ರ ಟ್ಯಾಂಕಿನಾಗ ಡೀಸೆಲ್ ಹೆಪ್ಪುಗಟ್ಟತಿತ್ತು. ಬಂದ್ ಮಾಡಿದವ್ರು ಮುಂಜಾನಿ ಟ್ಯಾಂಕಿನ ಕೆಳಗ ಬೆಂಕಿ ಹಚ್ಚಿ ಕುಂದರತಿದ್ರು.

ಶರಣಪ್ಪ: ಡೀಸೆಲ್ ಟ್ಯಾಂಕಿಗೆ ಬೆಂಕಿ! ಯಾರ ಗಾಡಿಯೋ ಅದು?

ಭೀಮಣ್ಣ: ನಿಮ್ಮದಲ್ಲರಿ, ಆಗ ಬೇರೆ ಸಾವ್ಕಾರ್ರು.

ಖಾಜಾ: ಆ ನೆಪ ಈಗ ನಡೆಯಂಗಿಲ್ಲ. 2019ರ ನವೆಂಬರ್‌ದಾಗ ಲಡಾಖಿಗಂತ ಇಂಡಿಯನ್ ಆಯಿಲ್ ಚಳಿಗಾಲದ ಡೀಸೆಲ್ ತಂತು. ಮೈನಸ್ 33ರ ತನಕ ಹೆಪ್ಪುಗಟ್ಟಂಗಿಲ್ಲ.

ಭೀಮಣ್ಣ: ನೋಡ್ರಿ, ಡೀಸೆಲ್ ಹೆಪ್ಪುಗಟ್ಟಬಾರದು ಅಂತ ಡೀಸೆಲ್ಲನ್ನೇ ಬದಲಿ ಮಾಡಿದ್ರು. ಡ್ರೈವರ್ ಬೇಯಬಾರದು ಅಂತ ಏನು ಬದಲಿ ಮಾಡಿದ್ರು? ಡ್ರೈವರ್‌ನ್ನ ಬದಲಿ ಮಾಡ್ತೀನಿ ಅಂತ ನೀವು ಹೆದರಸ್ತೀರಿ.

ಖಾಜಾ: ದೂರದಿಂದ ಓಡಿ ಬಂದು ನಿಂತ ಮ್ಯಾಲ ಟರ್ಬೊ ಆರಾಕ ಎರಡು-ಮೂರು ನಿಮಿಷ ಚಾಲೂ ಇಡು, ತಪ್ಪಿಲ್ಲ. ಎಂಟು ತಾಸು ಆರೋ ಟರ್ಬೊ ನಾ ಎಲ್ಲೂ ನೋಡಿಲ್ಲ.

ಶರಣಪ್ಪ: ಕೇಳಿದ್ಯಾ? ತೆಗಿ ಚಾವಿ.

ಭೀಮಣ್ಣ: ತೆಗೀತೀನಿ. ಒಂದು ಕೇಳ್ತೀನಿ ಸಾವ್ಕಾರ್ರ. ಇಂಜಿನ್ ಎಷ್ಟು ತಾಸು ಚಾಲೂ ಇತ್ತು ಅಂತ ನಿಮ್ಮ ಮೊಬೈಲ್ ಹೇಳ್ತದ. ಈ ಗೇಟಿನ ಮುಂದ ಗಾಡಿ ಎಷ್ಟು ತಾಸು ನಿಂತಿತ್ತು ಅಂತ ಹೇಳಂಗಿಲ್ಲೇನು?

ಶರಣಪ್ಪ: ಹೇಳ್ತದ. ನಿಮಿಷದ ಲೆಕ್ಕ ಕೊಡ್ತದ.

ಭೀಮಣ್ಣ: ಹಂಗಾದ್ರ ಆ ಲೆಕ್ಕ ನನಗ ಯಾಕ ತೋರಸ್ತೀರಿ? ಬಿಲ್ಲಿಗೆ ಹಚ್ಚಿ ಫ್ಯಾಕ್ಟರಿಯವ್ರಿಗೆ ನಿಂತ ಹೊತ್ತಿನ ರೊಕ್ಕ, ಹಾಲ್ಟಿಂಗ್, ಕೇಳ್ರಿ.

(ಶರಣಪ್ಪ ಟವೆಲ್ ಮತ್ತೆ ತಲೆಗೆ ಸುತ್ತಿಕೊಳ್ಳುತ್ತಾನೆ. ಬಿಸಿಲಿಗಲ್ಲ.)

ಶರಣಪ್ಪ: ಮೆತ್ತಗ ಮಾತಾಡೋ, ಗೇಟಿನಾಂವ ಕೇಳ್ಯಾನು. ಹಾಲ್ಟಿಂಗ್ ಅಂತ ಬಾಯಿ ತೆಗದ್ರ ನಾಳಿ ಲೋಡ್ ಬ್ಯಾರೆದವ್ರಿಗೆ ಹೋಗ್ತದ.

ಭೀಮಣ್ಣ: ನೀವು ಗೇಟಿಗೆ ಅಂಜ್ತೀರಿ, ನಾ ನಿಮಗ ಅಂಜ್ತೀನಿ. ಯಾರಿಗೂ ಅಂಜದ್ದು ಡೀಸೆಲ್ ಒಂದೇ, ಅದು ಉರಕೋತ ಹೊಂಟದ.

ಖಾಜಾ: ನನಗ ಯಾರ ಅಂಜಿಕಿನೂ ಇಲ್ಲ. ಫಿಲ್ಟರ್ ಸ್ವಚ್ಛ ಮಾಡಿದ ರೊಕ್ಕ ಯಾರು ಕೊಡ್ತೀರಿ?

(ಇಬ್ಬರೂ ಗೇಟಿನ ಕಡೆ ನೋಡುತ್ತಾರೆ. ಗೇಟಿನವನು ನೆರಳಿನಲ್ಲಿ, ಕೂಲರ್ ಮುಂದೆ ಕುಳಿತಿದ್ದಾನೆ.)

ಭೀಮಣ್ಣ: ಅಲ್ಲೇ ಅದ ನೋಡ್ರಿ ಔಷಧ. ನಮ್ಮದು ಒಣ ಬಿಸಲು, ನೀರಿನ ಕೂಲರ್ ಸಾಕು ಮೈ ತಂಪಾಗಾಕ. ಡ್ರೈವರ್‌ಗಳಿಗೆ ಒಂದು ತಗಡಿನ ಶೆಡ್, ಎರಡು ಕೂಲರ್, ಟೋಕನ್ ಮ್ಯಾಲ ಲೋಡಿಂಗ್ ಟೈಮು. ಇಷ್ಟು ಮಾಡಸ್ರಿ ಸಾವ್ಕಾರ್ರ, ಚಾವಿ ನಾನೇ ತಂದು ನಿಮ್ಮ ಕೈಯಾಗ ಇಡ್ತೀನಿ. ನೀವೊಬ್ಬರೇ ಕೇಳಿದ್ರ ಲೋಡ್ ಹೋಗ್ತದ ಖರೆ. ಈ ಸಾಲಿನಾಗ ನಿಂತ ಗಾಡಿ ಮಾಲಕ್ರೆಲ್ಲ ಕೂಡಿ ಕೇಳ್ರಿ. ಆಗ ಲೋಡ್ ಯಾರಿಗೆ ಕೊಡ್ತಾರ?